ಜಿಮ್ಮಿಗೆ ವಾರದಲ್ಲಿ ಎಷ್ಟು ದಿನ ಕೊಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಮಂಡಿನೋವು, ಬೆನ್ನುನೋವಿಗಿಂತ ಗಡಿಯಾರದ ಮೇಲಿನ ದೂರುಗಳೇ ಹೆಚ್ಚು. ಎಲ್ಲಕ್ಕೂ ಉತ್ತರಿಸಲು ಜಾಗವಿಲ್ಲ. ಹಲವರಿಗೆ ಹೊಂದುವ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ. ಕೆಲಸ ವೈಟ್‌ಫೀಲ್ಡ್‌ನಲ್ಲಿ, ಮನೆ ಬನಶಂಕರಿಯಲ್ಲಿ. ಒಂದು ವರ್ಷದಿಂದ ವಾರಕ್ಕೆ ಐದು ದಿನ ಜಿಮ್‌ಗೆ ಹೋಗುತ್ತಿದ್ದೇನೆ. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ನಿಂತು ಎತ್ತುವುದು) 60 ಕಿಲೋದಿಂದ 110ಕ್ಕೆ ಬಂದಿದೆ. ಆದರೆ ಮನೆ ಸೇರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ, ಮಗಳು ಮಲಗಿರುತ್ತಾಳೆ. 'ನೀವು ಜಿಮ್ಮನ್ನೇ ಮದುವೆಯಾಗಬೇಕಿತ್ತು' ಎನ್ನುತ್ತಾಳೆ ಹೆಂಡತಿ. ಒಂದು ದಿನ ತಪ್ಪಿದರೂ ಗಳಿಸಿದ್ದೆಲ್ಲ ಕರಗಿಹೋಗುತ್ತದೆ ಎಂಬ ಕಳವಳ ನನಗೆ. ದಿನ ಕಡಿಮೆ ಮಾಡಿದರೆ ಶಕ್ತಿ ಇಳಿಯುತ್ತದೆಯೇ?
– ಬೆಂಗಳೂರಿನ ಓದುಗರು

ಉತ್ತರ: ಇಳಿಯುವುದಿಲ್ಲ. ಎತ್ತುವ ಭಾರವನ್ನು ಮಾತ್ರ ಇಳಿಸಬೇಡಿ.

2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ನಿಮ್ಮಂಥವರಿಗೆಲ್ಲ ಹೇಳುತ್ತಿರುತ್ತೇನೆ. ಭಾಗವಹಿಸಿದವರು 16 ವಾರ, ವಾರಕ್ಕೆ ಮೂರು ದಿನ ಭಾರ ಎತ್ತಿದರು. ಆಮೇಲೆ 32 ವಾರಗಳ ಕಾಲ ಕೆಲವರಿಗೆ ಆ ವ್ಯಾಯಾಮದ ಮೂರನೇ ಒಂದು ಭಾಗವನ್ನು, ಇನ್ನು ಕೆಲವರಿಗೆ ಬರೀ ಒಂಬತ್ತನೇ ಒಂದು ಭಾಗವನ್ನು ಕೊಟ್ಟರು. ಒಂಬತ್ತನೇ ಒಂದು ಎಂದರೆ ವಾರಕ್ಕೊಂದು ದಿನ, ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್ (ನಡುವೆ ಬಿಡುವಿಲ್ಲದೆ ಎತ್ತುವ ಒಂದು ಸುತ್ತು). ಇಪ್ಪತ್ತರಿಂದ ಮೂವತ್ತೈದು ವರ್ಷದವರಲ್ಲಿ ಅಷ್ಟರಿಂದಲೇ ಶಕ್ತಿಯೂ ಸ್ನಾಯುವೂ ಉಳಿದವು. ಅರವತ್ತು ದಾಟಿದವರಿಗೆ ಸ್ನಾಯುವಿನ ಗಾತ್ರ ಕಾಪಾಡಿಕೊಳ್ಳಲು ಅಷ್ಟು ಸಾಲಲಿಲ್ಲ. ಹೀಗಿರುವಾಗ ಐದು ದಿನದಿಂದ ಎರಡಕ್ಕೆ ಇಳಿಯುವ ನೀವು ಹೆದರುವಂಥದ್ದೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಕೇಳುವುದು ವಾರದಲ್ಲಿ ಕನಿಷ್ಠ ಎರಡು ದಿನ. ಜೊತೆಗೆ ಬಿರುಸಿನ ನಡಿಗೆಯಂಥದ್ದು ವಾರಕ್ಕೆ 150 ನಿಮಿಷವಾದರೂ ಬೇಕು. ಅದನ್ನು ಮಗಳ ಸೈಕಲ್ಲಿನ ಹಿಂದೆ ಓಡಿಯೂ ತೀರಿಸಬಹುದು.

ನಿಮ್ಮ ವಾರ ಹೀಗಿರಲಿ. ಬುಧವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಸ್ಕ್ವಾಟ್ (ಭಾರ ಹೊತ್ತು ಬಸ್ಕಿ), ಬೆಂಚ್ ಪ್ರೆಸ್ (ಮಲಗಿ ಭಾರವನ್ನು ಮೇಲಕ್ಕೆ ತಳ್ಳುವುದು), ರೋ (ಭಾರವನ್ನು ಹೊಟ್ಟೆಯತ್ತ ಎಳೆಯುವುದು). ಭಾನುವಾರ ಬೆಳಿಗ್ಗೆ ಡೆಡ್‌ಲಿಫ್ಟ್, ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ತಳ್ಳುವುದು), ಪುಲ್‌ಡೌನ್ (ಮೇಲಿನ ಹಿಡಿಯನ್ನು ಎದೆಯತ್ತ ಕೆಳಗೆ ಎಳೆಯುವುದು). ಜಿಮ್ ಮನೆಯ ಹತ್ತಿರದ್ದಾಗಿರಲಿ. ಪ್ರತಿಯೊಂದಕ್ಕೂ ಮೂರು ಸೆಟ್, ಒಂದು ಸೆಟ್‌ನಲ್ಲಿ ಐದರಿಂದ ಎಂಟು ಬಾರಿ. ಮೂರೂ ಸೆಟ್‌ನಲ್ಲಿ ಎಂಟು ಮುಟ್ಟಿದ ಮೇಲೆ ಮುಂದಿನ ಸಲ ಬಾರ್‌ನ, ಅಂದರೆ ಭಾರ ಏರಿಸುವ ಸರಳಿನ, ಎರಡೂ ತುದಿಗೆ ಒಂದೂಕಾಲು ಕಿಲೋದ ಪ್ಲೇಟ್ ಏರಿಸಿ, ಮತ್ತೆ ಐದರಿಂದ ಶುರುಮಾಡಿ. ಸ್ಕ್ವಾಟ್, ಡೆಡ್‌ಲಿಫ್ಟ್ ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಲೇಬೇಕು, ಅಲ್ಲಿ ಜಿಪುಣತನ ಬೇಡ. ಸಮಯ ಉಳಿಸುವುದಾದರೆ ಉಳಿದ ಎರಡರಲ್ಲಿ ಉಳಿಸಿ. ಬೆಂಚ್ ಪ್ರೆಸ್ ಮುಗಿಸಿ ಎದೆ, ತೋಳು ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಬೆನ್ನಿಗೆ ರೋ ಮಾಡಿದರೆ ಎರಡೂ ಒಟ್ಟಿಗೆ ಮುಗಿಯುತ್ತವೆ. ಮೈ ಬೆಚ್ಚಗಾಗಿಸುವ ಹತ್ತು ನಿಮಿಷವೂ ಸೇರಿ ಐವತ್ತು ನಿಮಿಷದೊಳಗೆ ನೀವು ಮನೆಯ ದಾರಿ ಹಿಡಿದಿರುತ್ತೀರಿ.

ಸೋಮವಾರ ಸಂಜೆ ಏಳಕ್ಕೆ ನಿಮ್ಮ ಜಿಮ್‌ನಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ಇದ್ದಬದ್ದ ಬೆಂಚುಗಳ ಮೇಲೆಲ್ಲ ಎದೆಯ ವ್ಯಾಯಾಮ, ಪ್ರತಿ ಬೆಂಚಿನ ಪಕ್ಕ ಇಬ್ಬರು ಕಾಯುತ್ತಿರುತ್ತಾರೆ, ಒಬ್ಬರು ಮಲಗಿಕೊಂಡೇ ಮೊಬೈಲ್ ಉಜ್ಜುತ್ತಿರುತ್ತಾರೆ. ಒಂದೂವರೆ ಗಂಟೆ ಹೋಗುವುದು ಹೀಗೆ. ಬಾರ್ ಕೈಯಲ್ಲಿರುವ ವೇಳೆಯನ್ನಷ್ಟೇ ಕೂಡಿಸಿದರೆ ಹದಿನೈದು ನಿಮಿಷವೂ ಆಗುವುದಿಲ್ಲ.

ಇನ್ನು ಹೆಂಡತಿಯ ಮಾತು. ಅವರ ಬೇಸರಕ್ಕೆ ವ್ಯಾಯಾಮಕ್ಕಿಂತಲೂ 'ಇವತ್ತು ಹೋಗಲೋ, ಬೇಡವೋ' ಎಂಬ ದಿನನಿತ್ಯದ ಅನಿಶ್ಚಯ ಕಾರಣವಿರಬಹುದು. ನೀವು ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ತಿಳಿಯದಿದ್ದರೆ ಚಪಾತಿ ಹಿಟ್ಟು ಯಾವಾಗ ಕಲಸಬೇಕು ಎಂಬುದೂ ತಿಳಿಯದು. ದಿನ, ವೇಳೆ ಗೊತ್ತುಮಾಡಿ ಹೇಳಿಬಿಡಿ, ಮಿಕ್ಕ ದಿನ ಜಿಮ್ಮಿನ ಸುದ್ದಿ ಎತ್ತಬೇಡಿ. ಒಗ್ಗಿದ ಮೇಲೆ ಮೂರನೆಯ ದಿನ ಸೇರಿಸಬೇಕೆನಿಸಿದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ವಾರದಲ್ಲಿ ಒಂದು ಗಂಟೆ ಮಗುವನ್ನು ನಿಮ್ಮ ಕೈಗಿತ್ತು ಅವರು ತಮಗೆ ಬೇಕಾದ್ದು ಮಾಡಿಕೊಳ್ಳುವಂತಿದೆಯೇ? ಇಲ್ಲದಿದ್ದರೆ ಆ ಮೂರನೆಯ ದಿನ ಅವರದು.

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, 51 ವರ್ಷ. ಮುಟ್ಟು ನಿಂತು ಎರಡು ವರ್ಷವಾಯಿತು. ಮೂಳೆಯ ಸಾಂದ್ರತೆ ಕಡಿಮೆಯಾಗಿದೆ, ತೂಕ ಎತ್ತುವ ವ್ಯಾಯಾಮ ಮಾಡಿ ಎಂದರು ವೈದ್ಯರು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಕೂರುವುದಿಲ್ಲ. ಮನೆಗೆಲಸವೇ ವ್ಯಾಯಾಮವಲ್ಲವೇ? ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂದು ಅತ್ತೆಯವರು ಹೆದರಿಸುತ್ತಾರೆ. ಜಿಮ್‌ಗೆ ಹೋಗಲು ಸಂಕೋಚವೂ ಇದೆ.
– ಶಿವಮೊಗ್ಗದ ಓದುಗರು

ಉತ್ತರ: ಮನೆಗೆಲಸ ದುಡಿಮೆ. ಅದರಿಂದ ದಣಿವಾಗುವುದೂ ನಿಜ. ಆದರೆ ಸ್ನಾಯುವೂ ಮೂಳೆಯೂ ಗಟ್ಟಿಯಾಗಬೇಕಾದರೆ ಮೈ ಮೇಲಿನ ಹೊರೆ ಕಾಲಕಾಲಕ್ಕೆ ಏರುತ್ತಿರಬೇಕು. ಇಪ್ಪತ್ತು ವರ್ಷದಿಂದ ನಿಮ್ಮ ಕುಕ್ಕರಿನ ತೂಕ ಅಷ್ಟೇ ಇದೆ. ದೇಹ ಅದಕ್ಕೆ ಎಂದೋ ಒಗ್ಗಿಹೋಗಿದೆ, ಇನ್ನು ಅದರಿಂದ ಹೊಸದಾಗಿ ಏನೂ ದಕ್ಕದು.

ನಿಮ್ಮ ವೈದ್ಯರ ಸಲಹೆಗೆ ಒಳ್ಳೆಯ ಆಧಾರವಿದೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಮಹಿಳೆಯರಿಂದ ಎಂಟು ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ ಮಾಡಿಸಿದರು. ಅವರ ಸರಾಸರಿ ವಯಸ್ಸು 65ರ ಆಸುಪಾಸು. ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, ಅಷ್ಟೇ. ಬೆನ್ನುಮೂಳೆಯ ಸಾಂದ್ರತೆ ಏರಿತು. ಮನೆಯಲ್ಲಿ ಹಗುರವಾದ ವ್ಯಾಯಾಮ ಮಾಡಿಕೊಂಡಿದ್ದ ಇನ್ನೊಂದು ಗುಂಪಿನಲ್ಲಿ ಆ ಫಲ ಕಾಣಲಿಲ್ಲ. ಭಾರ ಎತ್ತಿದ ಗುಂಪಿನವರು ಎತ್ತುತ್ತಿದ್ದುದು ತಮ್ಮಿಂದ ಸಾಧ್ಯವಿರುವ ಗರಿಷ್ಠ ಭಾರದ ಶೇ 85ಕ್ಕಿಂತ ಹೆಚ್ಚು, ಅದೂ ಪಳಗಿದವರ ಕಣ್ಣೆದುರು. ಕೊನೆಯ ಮಾತನ್ನು ಬಿಟ್ಟು ಮೊದಲಿನದನ್ನಷ್ಟೇ ಹಿಡಿದುಕೊಂಡು ನಾಳೆಯೇ ಬಾರ್‌ಗೆ ಕೈ ಹಾಕಬೇಡಿ.

ಅತ್ತೆಯವರ ಭಯವನ್ನು ತಳ್ಳಿಹಾಕುವುದು ಬೇಡ. ಗರ್ಭಕೋಶ ಜಾರುವುದಕ್ಕೆ ಮುಖ್ಯ ಕಾರಣಗಳು ಹೆರಿಗೆ, ವಯಸ್ಸು, ವರ್ಷಗಟ್ಟಲೆ ಕಾಡುವ ಕೆಮ್ಮು, ಮಲಬದ್ಧತೆ. ಕೆಮ್ಮಿದಾಗ ಮೂತ್ರ ಸೋರುವುದು, ಕೆಳಹೊಟ್ಟೆಯಲ್ಲಿ ಏನೋ ಜಗ್ಗಿದಂತಾಗುವುದು ಇದ್ದರೆ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. ಅಂಥ ತೊಂದರೆಯಿಲ್ಲದಿದ್ದರೆ, ಎತ್ತುವಾಗ ಉಸಿರು ಬಿಗಿಹಿಡಿಯದೆ, ಬಾಯಿಂದ ಉಸಿರು ಬಿಡುತ್ತ, ಸ್ವಲ್ಪಸ್ವಲ್ಪವಾಗಿ ಭಾರ ಏರಿಸಿಕೊಂಡು ಹೋಗಲು ಅಡ್ಡಿಯಿಲ್ಲ.

ಮನೆಯಲ್ಲೇ ಶುರುಮಾಡಬಹುದು. ಒಂದು ಶತಮಾನದ ಹಿಂದೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್ ಅವರು ದೂರದೂರಿನವರಿಗೆ ಅಂಚೆಯಲ್ಲೂ ಪಾಠ ಕಳುಹಿಸುತ್ತಿದ್ದರು. ವ್ಯಾಯಾಮಶಾಲೆಯ ಮೆಟ್ಟಿಲು ಹತ್ತದೆ ಮೈ ಬೆಳೆಸಿದವರು ಆಗಲೇ ಇದ್ದರು. ಐದು ಕಿಲೋ ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಕುರ್ಚಿಯಿಂದ ಎದ್ದು ಕೂರುವುದು ಮೊದಲನೆಯದು. ಅಡುಗೆಮನೆಯ ಕಟ್ಟೆಗೆ ಅಂಗೈ ಊರಿ ಓರೆಯಾಗಿ ದಂಡ ಹೊಡೆಯುವುದು ಎರಡನೆಯದು. ಸ್ಟೂಲಿನ ಮೇಲಿಟ್ಟ ಪುಸ್ತಕದ ಚೀಲವನ್ನು ಬೆನ್ನು ಗೂನಾಗದಂತೆ, ಸೊಂಟದಿಂದ ಬಾಗಿ ಎತ್ತುವುದು ಮೂರನೆಯದು. ಒಂದೊಂದೂ ಎಂಟರಿಂದ ಹತ್ತು ಬಾರಿ, ಎರಡು ಸುತ್ತು. ಮುಗಿದಾಗ ಇನ್ನೆರಡು ಸಲ ಮಾತ್ರ ಸಾಧ್ಯ ಎನ್ನಿಸುವಷ್ಟು ಭಾರವಿರಬೇಕು. ಇನ್ನೂ ಹತ್ತು ಸಲ ಮಾಡಬಲ್ಲೆ ಎನ್ನಿಸಿದರೆ ಚೀಲಕ್ಕೆ ಇನ್ನೆರಡು ಪುಸ್ತಕ ಹಾಕಿ. ಬೆನ್ನು ದುಂಡಗೆ ಮಾಡಿ ಕಾಲ್ಬೆರಳು ಮುಟ್ಟುವ ಕಸರತ್ತು ನಿಮಗೆ ಬೇಡವೇ ಬೇಡ, ಸವೆದ ಬೆನ್ನುಮೂಳೆಗೆ ಅದು ಅಪಾಯ. ಎರಡು ಮೂರು ತಿಂಗಳಾದ ಮೇಲೆ ಚೀಲ ಸಾಲದಾಗುತ್ತದೆ. ಆಗ ಫಿಸಿಯೊಥೆರಪಿಸ್ಟ್ ಅಥವಾ ಅನುಭವಿ ತರಬೇತುದಾರರ ಕೈಕೆಳಗೆ ಡಂಬೆಲ್, ಬಾರ್ ಹಿಡಿಯಿರಿ. ಶಾಲೆ ಬಿಟ್ಟ ಕೂಡಲೇ, ನಾಲ್ಕೂವರೆಯ ಹೊತ್ತಿಗೆ, ಜಿಮ್‌ಗಳು ಸಾಮಾನ್ಯವಾಗಿ ಖಾಲಿ ಹೊಡೆಯುತ್ತಿರುತ್ತವೆ. ಸಂಕೋಚಕ್ಕೆ ಅದೇ ಮದ್ದು.

ಸಮಯ ಎಲ್ಲಿಂದ ತರುವುದು ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಮಂಗಳವಾರ, ಶುಕ್ರವಾರದ ತಿಂಡಿಯನ್ನು ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ. ಉಪ್ಪಿಟ್ಟಿಗೆ ರವೆ ಹುರಿಯುವುದು ಡೆಡ್‌ಲಿಫ್ಟ್‌ಗಿಂತ ಬೇಗ ಕಲಿಯಬಹುದಾದ ವಿದ್ಯೆ.

ಪ್ರಶ್ನೆ: ಉಕ್ಕಿನ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ರಾತ್ರಿ ಪಾಳಿಯ ವಾರ ಜಿಮ್ ಪೂರ್ತಿ ತಪ್ಪುತ್ತದೆ, ನಂತರ ಮನಸ್ಸೇ ಬರುವುದಿಲ್ಲ. ಏನು ಮಾಡಲಿ?
– ಬಳ್ಳಾರಿ ಜಿಲ್ಲೆಯ ಓದುಗರು, 29

ಉತ್ತರ: ಎಲ್ಲ ವಾರಕ್ಕೂ ಒಂದೇ ವೇಳಾಪಟ್ಟಿ ಹೊಲಿಸಿಕೊಂಡದ್ದೇ ತೊಂದರೆ. ಹಗಲು ಪಾಳಿಯ ವಾರಗಳಲ್ಲಿ ಮೂರು ದಿನ ಮಾಡಿ, ಭಾರ ಏರಿಸುವುದಿದ್ದರೆ ಆಗಲೇ ಏರಿಸಿ. ರಾತ್ರಿ ಪಾಳಿಯ ವಾರದಲ್ಲಿ ಒಂದೇ ದಿನ, ಇದ್ದ ಭಾರಕ್ಕೇ, ಅರ್ಧದಷ್ಟು ಸೆಟ್. ಅದನ್ನು ಪಾಳಿ ಮುಗಿಸಿ ಬಂದ ಬೆಳಿಗ್ಗೆ ಮಾಡಬೇಡಿ. ಮೊದಲು ಮಲಗಿ, ಸಂಜೆ ಎದ್ದು ಏನಾದರೂ ತಿಂದು, ಪಾಳಿಗೆ ಹೋಗುವ ಮುಂಚೆ ಮಾಡಿ. ನಿದ್ದೆಗೆಟ್ಟವರ ಕೈಯಲ್ಲಿ ಭಾರದ ಬಾರ್ ಇರುವುದನ್ನು ನಾನು ಇಷ್ಟಪಡುವುದಿಲ್ಲ. ಆರು ಗಂಟೆಯೂ ನಿದ್ದೆಯಾಗದ ದಿನ ಜಿಮ್ ಬಿಟ್ಟು ಮಲಗುವುದೇ ಸರಿ, ಸ್ನಾಯು ಬೆಳೆಯುವುದೂ ಆ ವಿಶ್ರಾಂತಿಯಲ್ಲೇ.

ಪ್ರಶ್ನೆ: ಪದವಿ ವಿದ್ಯಾರ್ಥಿ, 20 ವರ್ಷ, 62 ಕಿಲೋ, ಹಾಸ್ಟೆಲ್ ಊಟ. ಆರು ದಿನ ಬಾ, ದುಬಾರಿ ಪ್ರೋಟೀನ್ ಪುಡಿ ಕೊಳ್ಳು, ಮುಂದೆ ಇಂಜೆಕ್ಷನ್ ನೋಡೋಣ ಎನ್ನುತ್ತಾರೆ ತರಬೇತುದಾರರು. ಮುಂದಿನ ತಿಂಗಳು ಪರೀಕ್ಷೆ.
– ದಾವಣಗೆರೆಯ ಓದುಗರು

ಉತ್ತರ: ಇಂಜೆಕ್ಷನ್ ಎಂದವರಿಂದ ಅಂದೇ ದೂರವಾಗಿ. ಜಿಮ್‌ಗಳಲ್ಲಿ ಕದ್ದುಮುಚ್ಚಿ ಕೊಡುವ ಸ್ಟೆರಾಯ್ಡ್‌ಗಳು ನಿಮ್ಮ ವೃಷಣಗಳು ತಾವಾಗಿ ಹಾರ್ಮೋನು ತಯಾರಿಸುವುದನ್ನು ನಿಲ್ಲಿಸುತ್ತವೆ, ಹೃದಯಕ್ಕೂ ಕೆಡುಕು. ಗರಡಿ ಮನೆಗಳಿಗೆ ಹೆಸರಾದ ಊರಿನಲ್ಲಿದ್ದೀರಿ, ದಂಡ ಬಸ್ಕಿ ಹೊಡೆದು ಕುಸ್ತಿ ಮಾಡಿದ ಹಿರಿಯರು ಸಿಕ್ಕರೆ ಮಾತನಾಡಿಸಿ.

ಸಾಮಾನ್ಯ ಭಾರತೀಯರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಸೂಚಿಸಿದ ಪ್ರೋಟೀನ್ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಉಪಯೋಗವಿದೆ. ನಿಮ್ಮ ಲೆಕ್ಕಕ್ಕೆ ಸುಮಾರು 100 ಗ್ರಾಂ. ನಾಲ್ಕು ಮೊಟ್ಟೆಯಿಂದ 24, ಅರ್ಧ ಲೀಟರ್ ಹಾಲಿನಿಂದ 16, ಐವತ್ತು ಗ್ರಾಂ ಸೋಯಾ ಚಂಕ್ಸ್‌ನಿಂದ 26, ಐವತ್ತು ಗ್ರಾಂ ಶೇಂಗಾದಿಂದ 12. ಇಲ್ಲಿಗೆ 78 ಆಯಿತು. ಮಿಕ್ಕದ್ದು ಹಾಸ್ಟೆಲ್ಲಿನ ರೊಟ್ಟಿ, ಬೇಳೆ, ಮೊಸರಿನಿಂದ ಬರುತ್ತದೆ. ಪುಡಿ ವಿಷವಲ್ಲ, ಅನಿವಾರ್ಯವೂ ಅಲ್ಲ. ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಎರಡು ದಿನ ಜಿಮ್ ಸಾಕು.

ಪ್ರಶ್ನೆ: ಏಪ್ರಿಲ್, ಮೇ ಬಂದರೆ ಮದುವೆ, ಗೃಹಪ್ರವೇಶ, ನೇಮ (ಭೂತಾರಾಧನೆ) ಎಂದು ಮೂರು ವಾರವಾದರೂ ಜಿಮ್ ತಪ್ಪುತ್ತದೆ. ಮೊದಲಿನಿಂದ ಶುರುಮಾಡಬೇಕೇ?
– ಉಡುಪಿಯ ಓದುಗರು, 43

ಉತ್ತರ: ಬೇಕಿಲ್ಲ. ಎರಡು ಮೂರು ವಾರದಲ್ಲಿ ಶಕ್ತಿ ಅಷ್ಟಾಗಿ ಇಳಿಯುವುದಿಲ್ಲ. ಇಳಿಯುವುದು ಆ ಶ್ರಮವನ್ನು ತಾಳಿಕೊಳ್ಳುವ ಒಗ್ಗಿಕೆ. ಹಾಗಾಗಿ ಮರಳಿ ಬಂದ ಮೊದಲ ವಾರ ಹಿಂದಿನ ಭಾರದ ಶೇ 80, ಮೂರರ ಬದಲು ಎರಡು ಸೆಟ್. ತಪ್ಪಿದ್ದನ್ನೆಲ್ಲ ಒಂದೇ ದಿನ ತೀರಿಸಿಬಿಡುವ ಹುಮ್ಮಸ್ಸು ಬೇಡ. ಮರುದಿನದಿಂದ ಮೂರನೆಯ ದಿನದವರೆಗೆ ಮೈಕೈ ನೋಯುವುದು ಸಹಜ. ನೋವು ಮಿತಿಮೀರಿ, ಸ್ನಾಯು ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ, ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಲಕ್ಷಣ ಅದು.

ಇನ್ನೊಂದು, ಹಣದ ಮಾತು. ವರ್ಷದ ಸದಸ್ಯತ್ವಕ್ಕೆ ರಿಯಾಯಿತಿ ಎಂದು ಜಿಮ್ಮಿನವರು ಹೇಳಿದಾಗ ನಿಮ್ಮ ಮೇ ತಿಂಗಳನ್ನು ನೆನೆಸಿಕೊಳ್ಳಿ. ಊರಿನಲ್ಲಿ ಇರದ ವಾರಗಳಿಗೆ ಸದಸ್ಯತ್ವವನ್ನು ತಡೆಹಿಡಿಯಲು ಕೆಲವು ಜಿಮ್‌ಗಳು ಒಪ್ಪುತ್ತವೆ. ದುಡ್ಡು ಕಟ್ಟುವ ಮುಂಚೆಯೇ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ.