ಪ್ಯಾಕೇಜ್ ಮಿತಿ ಇದ್ದರೆ ವೈದ್ಯರು ಬರೆಯುವ ಔಷಧವೂ ಬದಲಾಗುತ್ತದೆಯೇ?

ಪ್ರಶ್ನೆ: ಸೋಂಕಿನಿಂದ ಆಸ್ಪತ್ರೆ ಸೇರಿದ ತಂದೆಯವರಿಗೆ ಮೂರನೇ ದಿನ ಇಂಜೆಕ್ಷನ್ ನಿಲ್ಲಿಸಿ ಲಿನೆಜೋಲಿಡ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ಟರು. ಅವರ ಇನ್ನೊಂದು ಕಾಯಿಲೆಯ ದುಬಾರಿ ಔಷಧ ಕೇಳಿದರೆ, ‘ಪ್ಯಾಕೇಜ್ ಮುಗಿದಿದೆ, ಡಿಸ್ಚಾರ್ಜ್ ಆದಮೇಲೆ ನೋಡೋಣ’ ಎಂದರು. ಹಣಕ್ಕಾಗಿ ಚಿಕಿತ್ಸೆ ಮೊಟಕಾಯಿತೇ?

ಉತ್ತರ: ಮೊದಲನೆಯದರಲ್ಲಿ ಬಹುಶಃ ಇಲ್ಲ. ಲಿನೆಜೋಲಿಡ್ ಮಾತ್ರೆ ನುಂಗಿದರೂ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಜ್ವರ ಇಳಿದು, ಊಟ ಸೇರುತ್ತಿದ್ದರೆ ಸೂಜಿ ತೆಗೆಯುವುದೇ ಒಳ್ಳೆಯದು. ಸೂಜಿ ಇರುವಷ್ಟು ದಿನ ಅದರಿಂದಲೂ ಸೋಂಕಿನ ಭಯವಿದೆ. ಆದರೆ ರಕ್ತದ ಸೋಂಕಿಗೆ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಅನ್ನು ಬಾಯಿಯಿಂದ ಕೊಟ್ಟರೆ ತಪ್ಪು, ಏಕೆಂದರೆ ಅದು ಕರುಳಿನಿಂದ ಹೀರಲ್ಪಡುವುದೇ ಇಲ್ಲವೆನ್ನುವಷ್ಟು ಕಡಿಮೆ.

ಎರಡನೆಯದನ್ನು ಪ್ರಶ್ನಿಸಲೇಬೇಕು. ಪ್ರತಿ ಔಷಧಕ್ಕೂ ಬಿಲ್ ಮಾಡುವ ಪದ್ಧತಿಯಲ್ಲಿ ಔಷಧ ಆಸ್ಪತ್ರೆಗೆ ಆದಾಯ. ಕಾಯಿಲೆಗೊಂದು ದರ, ಅಂದರೆ ಪ್ಯಾಕೇಜ್, ನಿಗದಿಯಾದೊಡನೆ ಅದೇ ಔಷಧ ಖರ್ಚು. ಆಗ ಜೆನೆರಿಕ್ ಬಳಕೆ ಹೆಚ್ಚುತ್ತದೆ, ಬೇಡದ ಆ್ಯಂಟಿಬಯೋಟಿಕ್ ದಿನಗಳು ಕಡಿಮೆಯಾಗುತ್ತವೆ. ಇವು ನಿಜವಾದ ಲಾಭಗಳು. ಆದರೆ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ದುಬಾರಿ ಔಷಧವನ್ನು (ಇನ್‌ಫ್ಯೂಷನ್) ಡಿಸ್ಚಾರ್ಜ್ ನಂತರದ ಹೊರರೋಗಿ ಬಿಲ್ಲಿಗೆ ತಳ್ಳುವುದು, ರೋಗಿಯಿಂದಲೇ ಔಷಧ ತರಿಸುವುದು, ಖರ್ಚು ಬರುವಂಥ ರೋಗಿಯನ್ನು ಬೇರೆಡೆಗೆ ಕಳುಹಿಸುವುದು ಕೂಡ ಇದೇ ಒತ್ತಡದ ಫಲ.

ಪ್ಯಾಕೇಜ್ ದರ ಎನ್ನುವುದು ಒಂದೇ ಗುಂಪಿನ ರೋಗಿಗಳ ಖರ್ಚಿನ ಸರಾಸರಿ. ಒಬ್ಬೊಬ್ಬ ರೋಗಿಗೆ ಎಳೆದ ಗೆರೆಯಲ್ಲ. ಕಡಿಮೆ ಖರ್ಚಿನವರಲ್ಲಿ ಉಳಿದದ್ದು ಹೆಚ್ಚು ಖರ್ಚಿನವರಿಗೆ ಸಲ್ಲಬೇಕೆಂಬುದೇ ಅದರ ಲೆಕ್ಕಾಚಾರ. ಆಡಳಿತ ವಿಭಾಗ ಆ ಸರಾಸರಿಯನ್ನೇ ಹಾಸಿಗೆಗೊಂದು ಮಿತಿಯಾಗಿಸಿ ವೈದ್ಯರ ಮೇಲೆ ಹೇರಿದಾಗ ಔಷಧದ ಆಯ್ಕೆ ಕೆಡುತ್ತದೆ.

ವಿಪರೀತ ಖರ್ಚಿನ ರೋಗಿಗಳಿಗೆ ಬೇರೆ ದಾರಿಯೂ ಇರುತ್ತದೆ. 1983ರಲ್ಲಿ ಈ ಪದ್ಧತಿಗೆ ಹೊರಳಿದ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಖರ್ಚು ನಿಗದಿತ ಹಂತ ದಾಟಿದರೆ ಆಚೆಯದರಲ್ಲಿ ಸಾಮಾನ್ಯವಾಗಿ ಶೇ 80ರಷ್ಟನ್ನು ಕೊಡುತ್ತದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಕಾಯಿಲೆಗೆ ಕೊಡುವ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳಿಗೆ ಅದರಲ್ಲೇ ಪ್ರತ್ಯೇಕ ಹಣವಿದೆ. ಜರ್ಮನಿಯಲ್ಲಿ ಕೆಲವು ದುಬಾರಿ ಔಷಧಗಳಿಗೆ ಪೂರಕ ಶುಲ್ಕವಿದೆ. ಆದರೂ ಆ ಹಂತ ಮುಟ್ಟುವವರೆಗಿನ ನಷ್ಟ ಆಸ್ಪತ್ರೆಯದೇ. ಹಿಂಜರಿಕೆ ಹುಟ್ಟುವುದು ಅಲ್ಲೇ.

ಮುಗಿದದ್ದು ಪ್ಯಾಕೇಜ್ ದರವೋ, ನಿಮ್ಮ ಪಾಲಿಸಿಯ ವಿಮಾ ಮೊತ್ತವೋ ಎಂದು ಮೊದಲು ಕೇಳಿ, ಎರಡೂ ಬೇರೆ. ಬಳಿಕ ಚಿಕಿತ್ಸೆ ನೀಡುವ ವೈದ್ಯರನ್ನೇ ಕೇಳಿ: ಈ ಔಷಧ ತಡವಾದರೆ ಏನಾಗುತ್ತದೆ? ಬದಲಿ ಔಷಧ ಇದೆಯೇ? ಈಗಲೇ ಬೇಕು ಎಂದರೆ ಡೋಸ್, ದಿನಗಳು, ಬದಲಿ ಏಕೆ ಸಾಲದು ಎಂಬುದನ್ನು ಕೇಸ್‌ಶೀಟ್‌ನಲ್ಲಿ ಬರೆಸಿ, ವಿಶೇಷ ಪಾವತಿಗೆ ಅರ್ಜಿ ಹಾಕಲು ವಿಮಾ ವಿಭಾಗಕ್ಕೆ ಹೇಳಿ. ಕಾರಣ ದಾಖಲಾಗದ ಅರ್ಜಿ ಸುಲಭವಾಗಿ ತಿರಸ್ಕೃತವಾಗುತ್ತದೆ. ಕಾಯಬಹುದು ಎಂದರೆ ಔಷಧದ ಹೆಸರು, ಕೊಡುವ ತಾರೀಖು, ಹಣ ಯಾರದು ಎಂಬ ಮೂರೂ ಡಿಸ್ಚಾರ್ಜ್ ಚೀಟಿಯಲ್ಲಿ ಇರಲಿ.