ಎಲ್ಲಾ ಹಲ್ಲಿನ ಮೇಲೆ ಹಾಕಿದ ಮನೆ: ಎಂಟು ತಿಂಗಳ ಮಗು, ನಿದ್ದೆಗೆಟ್ಟ ತಾಯಿ

ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಬಳಸಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ತಾಯಿಗೆ 26 ವರ್ಷ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಲೆನಾಡಿನ ಒಂಟಿ ಮನೆ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಪಕ್ಕದ ಮನೆಗೆ ಹೋಗಬೇಕೆಂದರೂ ಗುಡ್ಡ ಇಳಿದು ಹಳ್ಳದ ಮೇಲಿನ ಸಂಕ ದಾಟಬೇಕು. ಮನೆಯಲ್ಲಿ ಗಂಡ, ಅತ್ತೆ, ಎಂಟು ತಿಂಗಳ ಗಂಡು ಮಗು. ಆಪ್ತಸಲಹೆಗೆ ನನ್ನ ಬಳಿಗೆ ಕಳಿಸಿದ್ದು ಊರಿನ ಆಶಾ ಕಾರ್ಯಕರ್ತೆ. "ಮಗುಗೆ ಹಲ್ಲು ಬರ್ತಿದೆ, ಒಂದೇ ಸಮ ಅಳುತ್ತೆ. ಆದರೆ ನನಗೆ ತಾಯಿಯದ್ದೇ ಚಿಂತೆ ಮೇಡಂ" ಅಂದಿದ್ದರು.

ಡಿಸೆಂಬರ್ ತಿಂಗಳು. ಅಡಿಕೆ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಮೂವರೂ ಮಗುವಿನ ಜೊತೆ ಶಿವಮೊಗ್ಗಕ್ಕೆ ಬಂದರು. ಮಗು ತಾಯಿಯ ತೊಡೆಯ ಮೇಲೆ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಕೂತಿತ್ತು. ಜೊಲ್ಲು ಸುರಿದು ಗದ್ದದ ಕೆಳಗೆ ಕೆಂಪಗೆ ದದ್ದು ಎದ್ದಿತ್ತು. ಮೇಲಿನ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣುತ್ತಿತ್ತು. ಇದೆಲ್ಲ ಹಲ್ಲಿನದ್ದೇ. ಆದರೆ ಮಗು ಸಪ್ಪಗಿತ್ತು. ಮಾತಿನ ನಡುವೆ ಅತ್ತೆ, "ಮೂರು ದಿನದಿಂದ ಭೇದಿ. ಹಲ್ಲು ಬರುವಾಗ ಆಗೋದೇ ಅಲ್ವಾ" ಅಂದರು. ಬೆಳಿಗ್ಗೆಯಿಂದ ಎಷ್ಟು ಸಲ ಉಚ್ಚೆ ಮಾಡಿದ ಅಂತ ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ತಾಯಿ ಮೆಲ್ಲಗೆ, "ಮಾಡೇ ಇಲ್ಲ ಅನ್ಸುತ್ತೆ" ಅಂದರು. ಆಗ ಮಧ್ಯಾಹ್ನ ಒಂದು ಗಂಟೆ.

ಆವತ್ತಿನ ಆಪ್ತಸಲಹೆ ಅಲ್ಲಿಗೇ ನಿಂತಿತು. ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಿ, ಉಳಿದದ್ದು ಆಮೇಲೆ ಅಂದೆ. ಮಗುವಿಗೆ ನೀರಿನಂಶ ಕಡಿಮೆಯಾಗಿತ್ತು. ಓಆರ್‌ಎಸ್ ಮತ್ತು ಜಿಂಕ್ ಕೊಟ್ಟು ಸಂಜೆವರೆಗೆ ಇಟ್ಟುಕೊಂಡು ನೋಡಿ ಕಳಿಸಿದರು.

ಹಲ್ಲು ಬರುವಾಗ ಜೊಲ್ಲು ಸುರಿಯುತ್ತೆ, ಒಸಡು ಊದಿಕೊಳ್ಳುತ್ತೆ, ಮಗು ಸಿಕ್ಕಿದ್ದನ್ನೆಲ್ಲ ಕಚ್ಚುತ್ತೆ, ಕಿರಿಕಿರಿ ಮಾಡುತ್ತೆ, ಮೈ ಸ್ವಲ್ಪ ಬೆಚ್ಚಗಾಗಬಹುದು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಹಲ್ಲಿನಿಂದ ಬರುವುದಿಲ್ಲ. ನೀರಿನಂಥ ಭೇದಿಯೂ ಹಲ್ಲಿನಿಂದ ಆಗುವುದಿಲ್ಲ. ಹಲ್ಲೂ ಈ ಕಾಯಿಲೆಗಳೂ ಒಂದೇ ಕಾಲಕ್ಕೆ ಬರುವುದರಿಂದ ನಮಗೆ ಹಾಗೆ ಕಾಣುತ್ತೆ. ಆರನೇ ತಿಂಗಳ ಹೊತ್ತಿಗೆ ಹೊರಗಿನ ಊಟ ಶುರುವಾಗುತ್ತೆ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕರಗುತ್ತಾ ಬರುತ್ತೆ, ಮಗು ನೆಲದ ಮೇಲೆ ತೆವಳಿ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತೆ. ಈ ಮನೆಯಲ್ಲಿ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುತ್ತದೆ, ಅದನ್ನು ಕಾಯಿಸದೆ ಹಾಗೇ ಕುಡಿಸುತ್ತಿದ್ದರು. ಭೇದಿಗೆ ಇಷ್ಟು ಸಾಕಲ್ವಾ?

ಜ್ವರದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು ಜಾಸ್ತಿಯೇ ಹೇಳುತ್ತೇನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು (ಉಣ್ಣಿ) ಕಚ್ಚಿ ಹರಡುವ ಜ್ವರವಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇ ತನಕ ಇಲ್ಲಿ ಕಾಣಿಸಿಕೊಳ್ಳುತ್ತಲೇ ಇದೆ. ಈ ಮನೆಯವರು ಕೊಟ್ಟಿಗೆಗೆ ಕಾಡಿನಿಂದ ದರಕು, ಅಂದರೆ ಒಣಗಿದ ಎಲೆ, ತರುತ್ತಾರೆ, ಅದರ ಜೊತೆ ಉಣುಗೂ ಬರಬಹುದು. ಎಳೆ ಮಗುವಿಗೆ ಜ್ವರ ಬಂದರೆ ಅದೇ ಕಾಯಿಲೆ ಅಂತ ಹೆದರಬೇಕಾಗಿಲ್ಲ. ಆದರೆ ಹಲ್ಲಿನ ಜ್ವರ ಅಂತ ಮನೆಯಲ್ಲೇ ಇಟ್ಟುಕೊಳ್ಳಬಾರದು. ವೈದ್ಯರಿಗೆ ತೋರಿಸುವಾಗ ಕಾಡಿನ ಪಕ್ಕದ ಮನೆ ಅನ್ನುವುದನ್ನೂ ಹೇಳಿ.

ಮುಂದಿನ ವಾರ ತಾಯಿಯ ಜೊತೆ ಒಬ್ಬರೇ ಕೂತು ಮಾತಾಡಿದೆ. ಹೊರಗೆ ಬೆಂಚಿನ ಮೇಲೆ ಅತ್ತೆ ಮಗುವನ್ನು ಆಡಿಸುತ್ತಿದ್ದರು. ಬಾಗಿಲು ಹಾಕಿದ ಮೇಲೂ ತಾಯಿ ಎರಡು ಸಲ ತಿರುಗಿ ಬಾಗಿಲು ನೋಡಿದರು. ಆಮೇಲೆ ಹೇಳಿದರು, "ಮೇಲಿನ ಹಲ್ಲು ಮೊದಲು ಬಂತಲ್ಲ ಮೇಡಂ. ಸೋದರಮಾವನಿಗೆ ಆಗಿಬರಲ್ಲ ಅಂತಾರೆ. ಹಲ್ಲು ಕಂಡ ವಾರಕ್ಕೇ ನಮ್ಮಣ್ಣ ಬೈಕಿಂದ ಬಿದ್ದು ಕೈ ಮುರ್ಕೊಂಡ."

ಆ ಸುದ್ದಿ ಬಂದಾಗಿನಿಂದ ಅವರು ತವರಿಗೆ ಫೋನನ್ನೇ ಮಾಡಿರಲಿಲ್ಲ. ಏನಂತ ಮಾತಾಡುವುದು ಅಂತ ನಾಚಿಕೆ. ರಾತ್ರಿ ಮಗು ಮೂರು ನಾಲ್ಕು ಸಲ ಏಳುತ್ತಿತ್ತು. ಹಾಲು ಕುಡಿಯುತ್ತಾ ಒಮ್ಮೆ ರಕ್ತ ಬರುವ ಹಾಗೆ ಕಚ್ಚಿತ್ತು. ಅಡಿಕೆ ಸುಲಿಯುವವರು ರಾತ್ರಿ ಹನ್ನೊಂದರ ತನಕ ಇರುತ್ತಿದ್ದರು, ಅವರ ಚಹಾ ತಿಂಡಿ ಇವರದ್ದೇ. ಒಂದು ರಾತ್ರಿ ಮಗು ಅಳು ನಿಲ್ಲಿಸಲೇ ಇಲ್ಲ. ತೊಟ್ಟಿಲಿನಲ್ಲಿ ಮಲಗಿಸಿ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರಂತೆ. "ಎಲ್ಲಿ ಹೊಡೆದುಬಿಡ್ತೀನೋ ಅನ್ಸಿತು. ನಾನು ಎಂಥ ತಾಯಿ ಮೇಡಂ?"

ಮಗುವನ್ನು ಸುರಕ್ಷಿತವಾಗಿ ಮಲಗಿಸಿ ನಾಲ್ಕು ಹೆಜ್ಜೆ ದೂರ ಹೋದದ್ದು ಆ ರಾತ್ರಿ ಮಾಡಬಹುದಾಗಿದ್ದ ಅತ್ಯಂತ ಸರಿಯಾದ ಕೆಲಸ ಅಂತ ಅವರಿಗೆ ಹೇಳಿದೆ. ಇದನ್ನು ಸಮಾಧಾನಕ್ಕೆ ಹೇಳಲಿಲ್ಲ. ಮಗು ತೊಟ್ಟಿಲಿನಲ್ಲಿ ಐದು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಸಿಟ್ಟಿನ ಕೈಯಲ್ಲಿ ಎಳೆ ಮಗುವನ್ನು ಅಲುಗಾಡಿಸಿದರೆ ಮೆದುಳಿಗೇ ಪೆಟ್ಟು ಬೀಳುತ್ತೆ. ಮುಂದೆಯೂ ಹಾಗೆ ಅನ್ನಿಸಿದರೆ ಅದನ್ನೇ ಮಾಡಿ, ಜೊತೆಗೆ ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಅಂದೆ. ಬದುಕೇ ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಕೆಲವರು ಹೆದರುತ್ತಾರೆ, ಹಾಗಾಗುವುದಿಲ್ಲ. ಅಂಥ ಯೋಚನೆ ಇರಲಿಲ್ಲ. ಆದರೆ ಮಗು ಮಲಗಿದಾಗಲೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಯಾವುದರಲ್ಲೂ ಖುಷಿ ಇರಲಿಲ್ಲ. ಹೆರಿಗೆಯ ನಂತರದ ಖಿನ್ನತೆ ನೋಡಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಅದರ ಉತ್ತರಗಳೂ ಅದನ್ನೇ ಹೇಳಿದವು. ಹೀಗೆ ವಾರಗಟ್ಟಲೆ ಆದರೆ ಅದನ್ನು ಬರೀ ಸುಸ್ತು ಅಂತ ಬಿಡಬಾರದು. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ, ಅಲ್ಲಿಗೆ ಕಳಿಸಿದೆ. ಹಾಲೂಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿ, ಅದಕ್ಕೆ ಹೊಂದುವ ಔಷಧಿ ಇದೆ ಅಂತ ತಿಳಿಸಿದೆ. ನಡುರಾತ್ರಿ ತಡೆಯಲಾಗದಿದ್ದರೆ ಅಂತ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಅಣ್ಣನ ವಿಷಯವನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆ ನಂಬಿಕೆಯ ಹಿಂದೆ ಇದ್ದದ್ದು ಅಣ್ಣನ ಮೇಲಿನ ಪ್ರೀತಿ ತಾನೇ? ಸಾಮಾನ್ಯವಾಗಿ ಕೆಳಗಿನ ಎರಡು ಮುಂದಿನ ಹಲ್ಲು ಮೊದಲು ಬರುತ್ತವೆ, ಕೆಲವು ಮಕ್ಕಳಿಗೆ ಮೇಲಿನವು ಮೊದಲು ಬರುತ್ತವೆ, ಎರಡೂ ಸಹಜ ಅಂತ ವಿವರಿಸಿದೆ. ಆಮೇಲೆ, "ಇಲ್ಲಿಂದಲೇ ಅಣ್ಣನಿಗೆ ಫೋನ್ ಮಾಡ್ತೀರಾ?" ಅಂತ ಕೇಳಿದೆ. ಸ್ಪೀಕರಿನಲ್ಲಿ ಆ ಅಣ್ಣ ಹೇಳಿದ ಮಾತು ನನ್ನ ವಿವರಣೆಗಿಂತ ಚೆನ್ನಾಗಿ ಕೆಲಸ ಮಾಡಿತು. "ಅಯ್ಯೋ ಮಾರಾಯ್ತಿ, ಟೈರ್ ಸವೆದು ಬೋಳಾಗಿತ್ತು. ಅದಕ್ಕೆ ನಿನ್ನ ಮಗ ಏನ್ ಮಾಡ್ತಾನೆ? ಒಂದು ಫೋನ್ ಇಲ್ಲ, ನಾವೇನ್ ತಪ್ಪು ಮಾಡಿದ್ವಿ ಅಂತ ಅಮ್ಮ ದಿನಾ ಕೇಳ್ತಾಳೆ." ಇವರು ಅತ್ತರು, ಆದರೆ ಅದು ಹಗುರವಾದ ಅಳು. ಅವರ ಮನೆಯ ಕ್ರಮದಲ್ಲಿ ಮಾವ ಮಗುವಿನ ಮುಖವನ್ನು ಮೊದಲು ಎಣ್ಣೆಯಲ್ಲಿ ನೋಡುವ ಶಾಸ್ತ್ರವಿದೆಯಂತೆ. ಮಾಡಬಹುದಾ ಅಂತ ಕೇಳಿದರು. ಧಾರಾಳವಾಗಿ ಮಾಡಿ ಅಂದೆ. ಅದರಿಂದ ಯಾರಿಗೂ ತೊಂದರೆಯಿಲ್ಲ, ಅಣ್ಣ ಮನೆಗೆ ಬಂದ ಹಾಗೂ ಆಗುತ್ತೆ.

ಅತ್ತೆಯ ಜೊತೆಗಿನ ಮಾತು ಕಷ್ಟದ್ದು. ಬಜೆ, ಜಾಯಿಕಾಯಿ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವುದು, ಕುತ್ತಿಗೆಗೆ ಬಜೆ ಸರ, ಕಚ್ಚಲು ಉತ್ತತ್ತಿ, ಪೇಟೆಯ ಮೆಡಿಕಲ್‌ನಿಂದ ತರಿಸಿದ ಒಸಡಿನ ಜೆಲ್, ಎಲ್ಲ ಅವರದ್ದೇ. ಸೊಸೆ ಬೇಡ ಅಂದರೆ, "ನಾವು ಮಕ್ಕಳನ್ನು ಸಾಕಿಲ್ವಾ?" ಅನ್ನುತ್ತಿದ್ದರು. ಮೊದಲ ಮಗು ಎಷ್ಟು ತಿಂಗಳಿಗೆ ಹಲ್ಲು ಹುಟ್ಟಿಸಿಕೊಂಡಿತು ಅಂತ ಸುಮ್ನೆ ಮಾತಿಗೆ ಕೇಳಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತರು. ಮೊದಲನೆಯದು ಹೆಣ್ಣು ಮಗು. ಹಲ್ಲು ಬರುವ ಹೊತ್ತಿಗೆ ಭೇದಿಯಾಗಿ ಹೋಯಿತು. ಮಳೆಗಾಲ, ಹೊಳೆ ತುಂಬಿತ್ತು, ದಾಟಲು ಆಗಲಿಲ್ಲ. ಹಲ್ಲೇ ಮಗುವನ್ನು ಕೊಂಡೊಯ್ದಿತು ಅಂತ ಹಿರಿಯರು ಹೇಳಿದ್ದರು. ಅಷ್ಟು ವರ್ಷ ಅವರು ಹಾಗೇ ನಂಬಿದ್ದರು. ಮೊಮ್ಮಗನಿಗೆ ಅಷ್ಟೆಲ್ಲ ಮದ್ದು ಮಾಡುತ್ತಿದ್ದುದು ಆ ಭಯಕ್ಕೆ.

ಇಂಥ ಕಡೆ ಭೇದಿಗೆ ಹಲ್ಲು ಕಾರಣವಲ್ಲ ಅಂತ ಹೇಳಿಬಿಡುವುದು ಸುಲಭ. ಆದರೆ ಆಗಲೇ ಗೊತ್ತಿದ್ದರೆ ನನ್ನ ಮಗು ಉಳಿಯುತ್ತಿತ್ತಾ ಅನ್ನುವ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಬಂತು ಕೂಡ. ಆ ಕಾಲಕ್ಕೆ ಆ ಗುಡ್ಡದ ಮನೆಗೆ ಓಆರ್‌ಎಸ್ ಪೊಟ್ಟಣ ತಲುಪಿರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ, ಹೊಳೆ ದಾಟಲು ದಾರಿ ಇರಲಿಲ್ಲ, ಇದರಲ್ಲಿ ನಿಮ್ಮ ತಪ್ಪು ಯಾವುದೂ ಇಲ್ಲ ಅಂದೆ. ಅವರು ಬಹಳ ಹೊತ್ತು ಅತ್ತರು. ಆಮೇಲೆ ಕೇಳಿದ್ದು, "ಆ ಪುಡಿ ಕಲಸೋದು ಹೇಗೆ?"

ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಸಕ್ಕರೆ, ಉಪ್ಪು ಏನೂ ಸೇರಿಸಬಾರದು. ಈ ವಯಸ್ಸಿನ ಮಗುವಿಗೆ ಒಂದೊಂದು ಭೇದಿಗೂ 50ರಿಂದ 100 ಮಿಲಿ ಲೀಟರ್, ಚಮಚದಲ್ಲಿ ನಿಧಾನಕ್ಕೆ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಕಲಸಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ವೈದ್ಯರು ಕೊಟ್ಟ ಜಿಂಕ್ ಅನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಮುಗಿಸಬೇಕು. ಆರು ಗಂಟೆ ಮೂತ್ರ ಮಾಡದಿದ್ದರೆ, ನೆತ್ತಿ ತಗ್ಗಾದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನೆಲ್ಲ ಅವರು ನನಗೆ ತಿರುಗಿ ಒಪ್ಪಿಸಿದರು, ಒಂದೂ ತಪ್ಪಿಲ್ಲದೆ.

ಆಮೇಲೆ ಉಳಿದವುಗಳ ಮಾತು. ವರ್ಷ ತುಂಬುವ ತನಕ ಜೇನುತುಪ್ಪ ಬೇಡವೇ ಬೇಡ, ಅದರಿಂದ ಬೊಟುಲಿಸಂ ಎಂಬ ಅಪರೂಪದ ಆದರೆ ಅಪಾಯದ ಕಾಯಿಲೆ ಬರಬಹುದು. ಬಜೆ ತೇಯುವುದನ್ನೂ ನಿಲ್ಲಿಸಿ ಅಂದೆ, ಹೊಟ್ಟೆಗೆ ಎಷ್ಟು ಹೋಯಿತು ಅನ್ನುವುದಕ್ಕೆ ಅಳತೆಯಿಲ್ಲ, ತೇಯುವ ಕಲ್ಲು ಸ್ವಚ್ಛವಿಲ್ಲದಿದ್ದರೆ ಭೇದಿಗೆ ಅದೇ ದಾರಿ. ಕುತ್ತಿಗೆಯ ಸರ ನಿದ್ದೆಯಲ್ಲಿ ಬಿಗಿಯಬಹುದು, ಮಣಿ ಕಿತ್ತು ಗಂಟಲಿಗೆ ಹೋಗಬಹುದು. ಉತ್ತತ್ತಿಯ ತುಂಡೂ ಅಷ್ಟೇ. ಬೆಂಜೊಕೇನ್ ಇರುವ ಒಸಡಿನ ಜೆಲ್ ರಕ್ತ ಆಮ್ಲಜನಕ ಒಯ್ಯುವುದಕ್ಕೇ ಅಡ್ಡಿ ಮಾಡಬಹುದು, ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಈ ಮನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ. ಕೊಯ್ಲಿನ ಕಾಲದಲ್ಲಿ ಜಗಲಿ ತುಂಬಾ ಅಡಿಕೆ. ತೆವಳುವ ಮಗು, ಒಸಡು ಕಡಿಯುತ್ತೆ, ಕೈಗೆ ಗುಂಡಗಿನ ಅಡಿಕೆ! ಸುಲಿಯುವ ಜಾಗಕ್ಕೂ ಮಗು ಇರುವ ಕೋಣೆಗೂ ನಡುವೆ ಹಲಗೆಯ ಅಡ್ಡ ಹಾಕಿಸಿ ಅಂತ ಗಂಡನಿಗೆ ಹೇಳಿದೆ. ಅದನ್ನು ಅವರು ಆವತ್ತೇ ಸಂಜೆ ಮಾಡಿದರು.

ಒಸಡಿಗೆ ಬೇಕಾದದ್ದು ಸ್ವಲ್ಪವೇ. ಚೆನ್ನಾಗಿ ತೊಳೆದ ಬೆರಳಿನಿಂದ ಮೆಲ್ಲಗೆ ಉಜ್ಜುವುದು. ಹಳೆಯ ಮೆತ್ತಗಿನ ಹತ್ತಿ ಬಟ್ಟೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ ಫ್ರಿಜ್‌ನಲ್ಲಿಟ್ಟು ಕಚ್ಚಲು ಕೊಡುವುದು, ಫ್ರೀಜರ್‌ನಲ್ಲಿ ಇಡಬಾರದು. ಜೊಲ್ಲನ್ನು ಒತ್ತಿ ಒರೆಸಿ ವ್ಯಾಸಲಿನ್ ಸವರುವುದು. ನೋವು ಜಾಸ್ತಿ ಅನ್ನಿಸಿದರೆ ತೂಕ ನೋಡಿ ವೈದ್ಯರು ಬರೆದಷ್ಟೇ ಪ್ಯಾರಾಸಿಟಮಾಲ್. ಕಚ್ಚುತ್ತೆ ಅಂತ ಹಾಲು ಬಿಡಿಸಬೇಕಾಗಿಲ್ಲ. ಮಗು ಸಾಮಾನ್ಯವಾಗಿ ಕುಡಿದು ಮುಗಿಯುವ ಹೊತ್ತಿಗೆ ಕಚ್ಚುತ್ತೆ, ಚೀಪುವುದು ನಿಂತಿದ್ದು ಗೊತ್ತಾದ ಕೂಡಲೇ ಕಿರುಬೆರಳನ್ನು ಬಾಯಿಯ ಮೂಲೆಯಿಂದ ತೂರಿಸಿ ಬಿಡಿಸಿಕೊಳ್ಳಿ, ಎಳೆಯಬೇಡಿ. ಈ ಉಪಾಯವನ್ನು ನಾನು ಕೈ ಬೆರಳಿನ ಮೇಲೆ ತೋರಿಸಿದೆ.

ಗಂಡ ಒಳ್ಳೆಯವರು, ಕೆಲಸದವರು, ಆದರೆ ಎಲ್ಲದಕ್ಕೂ "ಕೊಯ್ಲು ಮುಗೀಲಿ ಮೇಡಂ" ಅನ್ನುತ್ತಿದ್ದರು. ಕೊಯ್ಲು ಮುಗಿಯುವ ತನಕ ಒಂದು ಜೀವ ನಿದ್ದೆಯಿಲ್ಲದೆ ಇರಲು ಆಗುವುದಿಲ್ಲ ಅಂದೆ. ಹೇಗೂ ಅವರು ಹನ್ನೊಂದರ ತನಕ ಎಚ್ಚರ ಇರುತ್ತಾರೆ. ಹಾಗಾಗಿ ಹೀಗೆ ಮಾತಾಯಿತು: ರಾತ್ರಿ ಎಂಟೂವರೆಗೆ ಹಾಲು ಕುಡಿಸಿ ತಾಯಿ ಒಳಕೋಣೆಯಲ್ಲಿ ಮಲಗುವುದು. ನಡುರಾತ್ರಿ ಒಂದು ಗಂಟೆಯವರೆಗೆ ಮಗು ಗಂಡನ ಪಾಲು, ಸುಲಿಯುವವರ ಚಹಾ ಅತ್ತೆಯ ಪಾಲು. ಹಾಲು ಬೇಕೇ ಬೇಕು ಅಂದಾಗ ಬಿಟ್ಟರೆ ತಾಯಿಯನ್ನು ಎಬ್ಬಿಸುವ ಹಾಗಿಲ್ಲ. ಮೊದಲ ರಾತ್ರಿ ಅರ್ಧ ಗಂಟೆಗೇ ಎಬ್ಬಿಸಿದರಂತೆ. ಆಮೇಲೆ ರೂಢಿಯಾಯಿತು.

ಫೆಬ್ರವರಿಯಲ್ಲಿ ಮತ್ತೆ ಬಂದರು. ತಾಯಿ ಮನೋವೈದ್ಯರು ಕೊಟ್ಟ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಕೆಲವು ದಿನ ಇನ್ನೂ ಭಾರ ಅಂದರು. ಔಷಧಿಯನ್ನು ತಾವಾಗಿ ನಿಲ್ಲಿಸಬೇಡಿ ಅಂತ ಮತ್ತೊಮ್ಮೆ ಹೇಳಿದೆ. ಅಣ್ಣ ಬಂದು ಹೋಗಿದ್ದಾರೆ. ಮಗುವಿಗೆ ಈಗ ನಾಲ್ಕು ಹಲ್ಲು, ಮೆತ್ತಗಿನ ಬ್ರಷ್‌ನಲ್ಲಿ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಲು ಹೇಳಿಕೊಟ್ಟೆ.

ಮೊದಲ ದವಡೆ ಹಲ್ಲುಗಳು ಸಾಮಾನ್ಯವಾಗಿ 13ರಿಂದ 19ನೇ ತಿಂಗಳ ನಡುವೆ ಬರುತ್ತವೆ. ಈ ಮಗುವಿಗೆ ಅದು ಮಳೆಗಾಲಕ್ಕೇ ಬೀಳಬಹುದು, ಇವರ ರಸ್ತೆ ಜುಲೈನಲ್ಲಿ ಒಂದೊಂದು ದಿನ ಬಂದ್ ಆಗುತ್ತೆ. ಅದಕ್ಕೆ ಜೂನ್‌ಗೆ ಮೊದಲೇ ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್‌ನ ಚೀಟಿ ಮನೆಯಲ್ಲಿರಲಿ, ಆಶಾ ಕಾರ್ಯಕರ್ತೆಯ ನಂಬರ್ ಮತ್ತು 108 ಗೋಡೆಯ ಮೇಲೆ ಬರೆದಿರಲಿ ಅಂದೆ. ತಾಯಿ ಬರೆದುಕೊಂಡರು. ಮೇ ತಿಂಗಳ ಕೊನೆಗೆ ಮುಂದಿನ ಭೇಟಿ ಇಟ್ಟುಕೊಂಡಿದ್ದೇವೆ.