ಭೂತಾನ್ ರಾಜರಲ್ಲಿ ಯಾವ ಜಿಗ್ಮೆ ಏನು ಮಾಡಿದರು?

1953ರಿಂದ 2008ರವರೆಗಿನ ಎಲ್ಲ ಸುಧಾರಣೆಯೂ ನಿಮ್ಮ ಟಿಪ್ಪಣಿಯಲ್ಲಿ ಒಬ್ಬನೇ ರಾಜನ ಲೆಕ್ಕಕ್ಕೆ ಹೋಗಿದೆ. ಕಾರಣ ಬಹುಶಃ ಹೆಸರುಗಳೇ. ಆ ಕಾಲದ ಮೂವರು ರಾಜರೂ ಜಿಗ್ಮೆ, ಮೂವರೂ ವಾಂಗ್ಚುಕ್!

ಮೊದಲು ಹೆಸರು ಬಿಟ್ಟು ಇಸವಿ ನೋಡಿ. 1952ರಿಂದ 1972 ಅಂದರೆ ಮೂರನೆಯವರು, ಜಿಗ್ಮೆ ದೋರ್ಜಿ. ರಾಷ್ಟ್ರೀಯ ಸಭೆಯ (ಶಾಸನಸಭೆ) ಸ್ಥಾಪನೆ, ಜೀತ ರದ್ದು, 1971ರಲ್ಲಿ ವಿಶ್ವಸಂಸ್ಥೆ ಸೇರಿದ್ದು ಎಲ್ಲಾ ಅವರ ಕಾಲದ್ದು.

ಆಮೇಲೆ 2006ರವರೆಗೆ ಜಿಗ್ಮೆ ಸಿಂಗ್ಯೆ. ಗೊಂದಲ ಜಾಸ್ತಿ ಇರೋದು ಇಲ್ಲೇ. ದೇಶದ ಪ್ರಗತಿಯನ್ನು ಜನರ ಸಂತೋಷದಿಂದ ಅಳೆಯುವ 'ಒಟ್ಟು ರಾಷ್ಟ್ರೀಯ ಸಂತೋಷ'ದ ಕಲ್ಪನೆ ಇವರದ್ದು. ಸಾಂಪ್ರದಾಯಿಕ ಉಡುಪುಗಳಾದ ಘೋ (ಗಂಡಸರದ್ದು), ಕಿರಾ (ಹೆಂಗಸರದ್ದು) ಕಡ್ಡಾಯ ಮಾಡಿದ್ದೂ ಇವರ ಆಳ್ವಿಕೆಯಲ್ಲೇ. ನೇಪಾಳಿ ಮಾತಾಡುವ ದಕ್ಷಿಣದ ಜನ ಸಾವಿರಾರು ಸಂಖ್ಯೆಯಲ್ಲಿ ದೇಶ ಬಿಡಬೇಕಾಗಿ ಬಂದದ್ದೂ ಆಗಲೇ. ಸುಮ್ನೆ ಹೊಗಳಿ ಬಿಡಬೇಡಿ, ಅದನ್ನೂ ಸೇರಿಸಿ. 1998ರಲ್ಲಿ ಆಡಳಿತವನ್ನು ಮಂತ್ರಿಮಂಡಲಕ್ಕೆ ಒಪ್ಪಿಸಿದವರೂ ಅವರೇ.

2008ರ ಚುನಾವಣೆ, ಸಂವಿಧಾನವನ್ನು ಐದನೆಯವರಾದ ಜಿಗ್ಮೆ ಖೇಸರ್ ಕೆಳಗೆ ಹಾಕಿ.